ಏರುವ ಮೊದಲು ಇಳಿಯುವ ಅತ್ಯಾ

ಒಂದನೇ ಮಹಡಿಯ ತಿರುವಿನಲ್ಲಿ, ಗೋಡೆಯ ಮೇಲೆ, ನನ್ನ ಭುಜದ ಮಟ್ಟಕ್ಕೆ ಒಂದು ಒದ್ದೆ ಅಂಗೈ. ಐದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು. ಕಿರುಬೆರಳು ಮಾತ್ರ ಸ್ವಲ್ಪ ಹೊರಕ್ಕೆ ಬಾಗಿತ್ತು.

ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿಗಳು ಇದು ಪೈಪಿನ ಸೋರಿಕೆ ಎಂದು ತೀರ್ಮಾನಿಸಿ ಪ್ಲಂಬರನ್ನು ಕರೆಸಿದರು. ಅವನು ಗೋಡೆ ತಟ್ಟಿದ, ಕಿವಿಯಿಟ್ಟು ಆಲಿಸಿದ, ಕೊನೆಗೆ, “ಸಾಹೇಬ್ರ, ಐದು ಬೆರಳ ಇರೋ ಲೀಕೇಜ್ ನಾ ಇಲ್ಲಿತನಕ ನೋಡಿಲ್ರಿ” ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಸೋರುತ್ತಿದ್ದದ್ದು ಪೈಪಲ್ಲ, ನಮ್ಮ ಅತ್ಯಾ. ಅಂದರೆ ನನ್ನ ಅಪ್ಪನ ಅಕ್ಕ. ಲೋಕದ ಜನರೆಲ್ಲ ಮೆಟ್ಟಿಲು ಹತ್ತಬೇಕಾದರೆ ಹತ್ತುತ್ತಾರೆ. ನಮ್ಮ ಅತ್ಯಾ ಮೆಟ್ಟಿಲು ಹತ್ತಬೇಕಾದರೆ ಮೊದಲು ಇಳಿಯುತ್ತಾಳೆ!

ಮೈಂದರ್ಗಿಯಲ್ಲಿ ಹೊಲ, ಎಮ್ಮೆ ಮತ್ತು ಸೊಸೆಯಂದಿರನ್ನು ಒಂದೇ ದನಿಯಲ್ಲಿ ಆಳುವ ಅತ್ಯಾ ಒಂದು ಮಧ್ಯಾಹ್ನ ಸೊಲ್ಲಾಪುರದ ನಮ್ಮ ಮನೆಗೆ ಬಂದಿಳಿದಾಗ, ಅವಳ ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು. ಅಪ್ಪ ಅವನ್ನೇ ದಿಟ್ಟಿಸಿದರು.

“ಅಕ್ಕಾ, ಇದೇನ ವೇಷ?”

“ಜಿನಾ ಹತ್ತೋ ಸ್ಪರ್ಧಾ ಐತಿ. ತಾಲೀಮಿಗಿ ಬಂದೀನಿ.”

“ಈ ವಯಸ್ಸಿನಾಗ? ಬಿದ್ದರ?”

“ಬಿದ್ದರ ನಿನ್ನ ಟಾವೆಲ್ ಗಂಟಿನ ಮ್ಯಾಲ ಬೀಳ್ತೀನಿ. ಮಾಲು ಹೆಂಗೂ ಹೋಗವಲ್ದು ಅಂತೀಯಲ್ಲಾ.”

ಟಾವೆಲ್ ವ್ಯಾಪಾರದ ಅಪ್ಪ ಅವಳ ಚೀಲ ಎತ್ತಿಕೊಂಡು ಒಳಗೆ ನಡೆದರು.

ಸಂಗತಿ ಇಷ್ಟು. ಅಕ್ಕಲಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅತ್ಯಾಳಿಗೆ ಆಟ ಕಲಿಸಿದ ಬಾಯಿ ತೀರಿಕೊಂಡಿದ್ದರು. ನಮ್ಮ ಕಡೆ ಮೇಡಮ್ಮಿಗೆ ಬಾಯಿ ಎನ್ನುವುದು ವಾಡಿಕೆ. ಅವರ ನೆನಪಿಗಾಗಿ ಹಳೆಯ ವಿದ್ಯಾರ್ಥಿನಿಯರು ಸೊಲ್ಲಾಪುರದ ಹೊಸ ಹನ್ನೊಂದು ಮಹಡಿಯ ಕಟ್ಟಡವೊಂದರಲ್ಲಿ ಜಿನಾ, ಅಂದರೆ ಮೆಟ್ಟಿಲು, ಹತ್ತುವ ಸ್ಪರ್ಧೆ ಇಟ್ಟಿದ್ದರು. ಹೆಸರು ಕೊಡಲು ಫೋನು ಹಚ್ಚಿಕೊಟ್ಟವಳು ನಾನೇ. ಆ ಕಡೆಯಿಂದ ಒಂದು ಎಳೆಯ ದನಿ ಕೇಳಿತು: “ಯಾವ ವರ್ಷದ ಬ್ಯಾಚ್ ರಿ? ಯಾವಾಗ ಪಾಸಾದ್ರಿ?”

“ಪಾಸಾಗಿಲ್ಲವ್ವಾ. ಓಡೀನಿ,” ಎಂದಳು ಅತ್ಯಾ.

ಏಳನೆಯ ತರಗತಿಯ ನಡುವೆಯೇ ಅತ್ಯಾಳ ಲಗ್ನವಾಗಿತ್ತು. ಜಿಲ್ಲಾ ಓಟಕ್ಕೆ ಬಾಯಿ ಅವಳನ್ನು ಆರಿಸಿದ್ದರು. ಓಟದ ಹೊತ್ತಿಗೆ ಅವಳು ಮೈಂದರ್ಗಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಫೋನಿನ ಹುಡುಗಿ ಸ್ವಲ್ಪ ಯೋಚಿಸಿ, “ಹಂಗಾದ್ರ ನಿಮ್ಮನ್ನ ಪಾಹುಣೆ ಅಂತ ಬರಕೋತೀನ್ರಿ” ಎಂದಳು. ಪಾಹುಣೆ ಎಂದರೆ ಅತಿಥಿ.

ಅಂದು ರಾತ್ರಿ ಅತ್ಯಾ ಎರಡೇ ರೊಟ್ಟಿ ತಿಂದಳು. ಅತ್ಯಾಳ ಮಟ್ಟಿಗೆ ಅದು ಉಪವಾಸ. ಕೈ ತೊಳೆಯುತ್ತ, “ನಾ ಬಾಯೀ ಹುಡುಗಿ. ಪಾಹುಣಿ ಹೆಂಗ ಆಗ್ತೀನಿ?” ಎಂದಳು. ನಾನು ಎಂ.ಎಸ್ಸಿ. ಮಾಡಿದ್ದೆನಲ್ಲ, ಕೂತು ತರಬೇತಿ, ಆಹಾರ ಎಲ್ಲದರ ವೇಳಾಪಟ್ಟಿ ಬರೆದೆ. ಅದನ್ನು ಫ್ರಿಜ್ಜಿಗೆ ಅಂಟಿಸಿದೆ. ಅತ್ಯಾ ಅದರ ಮೇಲೆ ಕುಂಕುಮದ ಬೊಟ್ಟಿಟ್ಟು, ಮತ್ತೆಂದೂ ಅದರತ್ತ ನೋಡಲಿಲ್ಲ. ವೇಳಾಪಟ್ಟಿಯ ಬಾಳೆಹಣ್ಣುಗಳನ್ನು ವಾಚಮನ್ ತಿಂದ. ಅತ್ಯಾ ಶೇಂಗಾ ಚಟ್ನಿ, ಕಡಕ್ ರೊಟ್ಟಿ ತಿಂದಳು. ಹದಿನೈದು ದಿನದಲ್ಲಿ ವಾಚಮನ್ನನ ಮೈಕಟ್ಟು ಎಷ್ಟು ಸುಧಾರಿಸಿತೆಂದರೆ ಅವನನ್ನೇ ಸ್ಪರ್ಧೆಗೆ ಕಳಿಸಬಹುದಿತ್ತು!

ಇನ್ನು ಅವಳ ತಾಲೀಮು. ನಮ್ಮ ಮನೆ ನಾಲ್ಕನೆಯ ಮಹಡಿ. ಅತ್ಯಾ ಬೆಳಿಗ್ಗೆ ಬಾಗಿಲು ತೆರೆದು ತೀರ ಕೆಳಗಿನವರೆಗೆ ಇಳಿಯುವಳು. ಅಲ್ಲಿ ವಾಚಮನ್ನನ ಕುರ್ಚಿಯ ಪಕ್ಕ ನೀರು ತುಂಬಿದ ಒಂದು ತಂಬಿಗೆ. ಅದರಲ್ಲಿ ಕೈ ಅದ್ದಿ, ಅದೇ ಕೈಯಿಂದ ಗೋಡೆ ಹಿಡಿಯುತ್ತ ಹತ್ತಿ ಬರುವಳು. ಸೋರಿಕೆಯ ಮೂಲ ಇದೇ.

“ಅತ್ಯಾ, ಮೊದಲ ಮ್ಯಾಲಿನ ಗಚ್ಚಿಗಿ ಹತ್ತು, ಆಮ್ಯಾಲ ಇಳಿ. ಲೆಕ್ಕ ಒಂದ ಅಲ್ಲಾ?”

“ಹೆಂಗ ಒಂದ? ಬಾಯಿ ನಮ್ಮನ್ನ ಬಾವ್ಯಾಗ ಓಡಸ್ತಿದ್ದರು.”

ಆಗ ಶಾಲೆಗೆ ಆಟದ ಬಯಲು ಇರಲಿಲ್ಲವಂತೆ. ಹಿಂದೆ ಒಂದು ಮೆಟ್ಟಿಲು ಬಾವಿ ಇತ್ತು. ಬಾಯಿ ಸೀಟಿ ಊದಿದರೆ ಹುಡುಗಿಯರು ಇಳಿದು, ನೀರು ಮುಟ್ಟಿ, ಏರಿ ಬರಬೇಕು. ಕೈ ಒಣಗಿದ್ದರೆ ಓಟ ಲೆಕ್ಕಕ್ಕಿಲ್ಲ. ಮುಂದೆ ಬಾವಿಗೆ ಕಬ್ಬಿಣದ ಜಾಳಿಗೆ ಬಿತ್ತು. ಆಮೇಲಿನ ಹುಡುಗಿಯರು ಶಾಲೆಯ ಮೆಟ್ಟಿಲ ಮೇಲೆಯೇ ಓಡಿದರು. ಸ್ಪರ್ಧೆ ಇಟ್ಟವರು ಈ ಕಿರಿಯರು.

“ಜಿನಾ ಹತ್ತುವಾಗ ಸಾಕಾದರ ಹೊಳ್ಳಿ ಮನಿಗಿ ಹೋಗಬಹುದು,” ಎಂದಳು ಅತ್ಯಾ. “ಬಾವಿಗಿ ಇಳದ ಮ್ಯಾಲ ಸಾಕಾತು ಅಂತ ಅಲ್ಲೇ ಸಂಸಾರ ಹೂಡಾಕ ಬರ್ತೈತೇನು?”

ನಾನು ಫ್ರಿಜ್ಜಿನ ಮೇಲಿನ ವೇಳಾಪಟ್ಟಿಯನ್ನು ಕಿತ್ತು ಮಡಚಿಟ್ಟೆ.

ಸ್ಪರ್ಧೆಯ ದಿನ ಅತ್ಯಾಳ ಬೆನ್ನಿಗೆ ‘ಪಾಹುಣೆ’ ಎಂಬ ಚೀಟಿ ಅಂಟಿಸಿದರು. ಅವಳು ಸೆರಗು ಹೊದ್ದು ಅದನ್ನು ಮುಚ್ಚಿಕೊಂಡಳು. ಹುಡುಗಿಯೊಬ್ಬಳು ಸೀಟಿ ಊದಿದಳು. ತರುಣಿಯರು, ಗೃಹಿಣಿಯರು, ನರೆತ ಕೂದಲಿನ ಕೆಲವರು ಒಟ್ಟಿಗೆ ಮೇಲಕ್ಕೆ ನುಗ್ಗಿದರು. ಅತ್ಯಾ ಗಕ್ಕನೆ ಎಡಕ್ಕೆ ತಿರುಗಿ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದಳು!

“ಆಜಿ, ವರ ಜಾ, ವರ!” ಎಂದು ಸೀಟಿಯ ಹುಡುಗಿ ಮರಾಠಿಯಲ್ಲಿ ಕೂಗಿ ಮೇಲಕ್ಕೆ ಬೆರಳು ತೋರಿಸಿದಳು. ನೋಡುತ್ತ ನಿಂತಿದ್ದವರು ನಕ್ಕರು. ನಾಲ್ಕು ಜನರ ಎದುರು ಜೋರಾಗಿ ಸೀನಲೂ ಸಂಕೋಚಪಡುವ ನಾನು, ತಲೆ ತಗ್ಗಿಸಿ ಅವಳ ಹಿಂದೆ ಓಡಿದೆ.

ಕೆಳಗೆ ಯಾರೋ ಕಾರು ತೊಳೆಯಲು ಇಟ್ಟ ಬಕೆಟ್ಟು. ಅತ್ಯಾ ಬಗ್ಗಿ ಕೈ ಅದ್ದಿದಳು.

ಆಗ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಒಂದನೆಯ ಮಹಡಿ ಮುಟ್ಟಿದ್ದ ಆ ನರೆತ ತಲೆಗಳು ಒಂದೊಂದಾಗಿ ಇಳಿದು ಬರುತ್ತಿದ್ದವು. ಒಬ್ಬರು ಮಂಡಿ ಹಿಡಿದುಕೊಂಡು, ಒಬ್ಬರು ಮೆಟ್ಟಿಲ ಕಂಬಿ ಹಿಡಿದುಕೊಂಡು. ಮುಂದಿದ್ದವರು ಏದುಸಿರಿನಲ್ಲೇ ಅಂದರು: “ಏ ಹುಡುಗೀ, ಈಗೂ ನೀನ ಮೊದಲ ನೀರ ಮುಟ್ಟಿದ್ಯಾ?”

ಅತ್ಯಾ ತಿರುಗಿದಳು. “ನೀವು ಮರತ ಹ್ವಾದ್ರಿ. ನಾ ಏನ ಮಾಡ್ಲಿ?”

“ಲಗ್ನಾ ಆತು ಅಂತ ಒಂದಿನಾನೂ ಬರಲಿಲ್ಲಲ್ಲಾ ನೀ. ಬಾಯಿ ಎಷ್ಟು ದಿನ ಕೇಳಿದ್ರು ನಿನ್ನ.”

ಅತ್ಯಾ ಒದ್ದೆ ಕೈಯಿಂದಲೇ ಬಕೆಟ್ಟನ್ನು ಅವರತ್ತ ಸರಿಸಿದಳು. ಒಬ್ಬೊಬ್ಬರೂ ಬಕೆಟ್ಟಿನಲ್ಲಿ ಕೈ ಅದ್ದಿದರು. ನಂತರ ಎಲ್ಲ ಸೇರಿ ಹತ್ತತೊಡಗಿದರು. ಅವರ ಹಿಂದೆ ಗೋಡೆಯುದ್ದಕ್ಕೂ ಒದ್ದೆ ಅಂಗೈಗಳು ಮೂಡುತ್ತ ಹೋದವು. ಗೆದ್ದವರು ಮಜ್ಜಿಗೆ ಕುಡಿದು ಬಹಳ ಹೊತ್ತಾದ ಮೇಲೆ ಇವರು ಮೇಲಿನ ತಾರಸಿ ತಲುಪಿದರು. ಸೀಟಿಯ ಹುಡುಗಿ ಪೆನ್ನು ಹಿಡಿದು, “ಪಾಹುಣೆ ಒಬ್ಬರು…” ಎನ್ನುತ್ತಿದ್ದಂತೆ ಮಂಡಿನೋವಿನ ಹೆಂಗಸು ಅತ್ಯಾಳ ಬೆನ್ನಿನ ಚೀಟಿಯನ್ನು ಕಿತ್ತು, “ನಮ್ಮ ಬ್ಯಾಚು. ಹಂಗ ಬರಕೋ,” ಎಂದರು.

ಲಿಫ್ಟಿನಲ್ಲಿ ಮೇಲೆ ಬಂದು ಕಾಯುತ್ತಿದ್ದ ಅಪ್ಪ ಅಂಗಡಿಯಿಂದ ತಂದಿದ್ದ ಹೊಸ ಟಾವೆಲ್ ಕೊಟ್ಟರು. ಅತ್ಯಾ ಮುಖ ಒರೆಸಿಕೊಂಡಳು. ಬೆವರಿಗೆ ಬೇಕಾಗುವುದಕ್ಕಿಂತ ಬಹಳ ಹೊತ್ತು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ. ಲಿಫ್ಟು ಬಾಗಿಲು ತೆರೆದು ನಿಂತಿತ್ತು. ವಾಚಮನ್ನನ ಕುರ್ಚಿಯ ಪಕ್ಕ ತಂಬಿಗೆ ಇನ್ನೂ ಇತ್ತು, ತಳದಲ್ಲಿ ಸ್ವಲ್ಪ ನೀರು. ಯಾರೂ ಇಲ್ಲವೆಂದು ಎರಡು ಸಲ ನೋಡಿ ಖಚಿತಪಡಿಸಿಕೊಂಡೆ. ಕೈ ಅದ್ದಿ, ಲಿಫ್ಟನ್ನು ದಾಟಿ ಮೆಟ್ಟಿಲು ಹತ್ತಿದೆ. ಒಂದನೆಯ ಮಹಡಿಯ ತಿರುವಿನಲ್ಲಿ, ಭುಜದ ಮಟ್ಟಕ್ಕೆ, ಗೋಡೆಯ ಮೇಲೆ ಅಂಗೈ ಇಟ್ಟೆ.