ಮಾಳಿಂಗರಾಯನ ನಾಷ್ಟಾ

ಒಂಟಿ ಮನುಷ್ಯನಿಗೆ ತಿಂಡಿ ಆಯಿತೇ ಎಂದು ಕೇಳುವವರಿರುವುದಿಲ್ಲ. ಕೇಳದಿದ್ದರೇನು, ನಾವೇ ಹೇಳಿಬಿಡೋಣ ಎಂದುಕೊಂಡದ್ದೇ ಮಾಳಿಂಗರಾಯ ಮಾಡಿದ ತಪ್ಪು.

ಕಲಬುರಗಿಯ ಸೇಡಂ ರಸ್ತೆಯ ಬದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಾಳೆಕಾಯಿ ಚಿಪ್ಸ್ ಕರಿದು ಮಾರುತ್ತಿದ್ದ ಇಪ್ಪತ್ತೇಳರ ಹುಡುಗ ಅವನು. ಅದೇ ರಸ್ತೆಯಲ್ಲಿ ಅವನ ಊರಿನವರೇ ಆದ ಕರೀಂಸಾಬರ ಸಣ್ಣ ಅಂಗಡಿಯೊಂದು ಖಾಲಿ ಇತ್ತು. ಬಾಡಿಗೆಗೆ ಕೇಳಿದಾಗ “ನಾಳಿ ಸಂಜೀಕ ನಾಕಕ್ಕ ಕಮಲಾಪುರಕ್ಕ ಮನೀಗಿ ಬಾ, ಕೊಡೋದೋ ಬಿಡೋದೋ ಹೇಳ್ತೀನಿ” ಎಂದಿದ್ದರು. ತಲೆಯ ಮೇಲೊಂದು ಸೂರು, ಸೂರಿನ ಮೇಲೆ ತನ್ನ ಹೆಸರಿನ ಬೋರ್ಡು. ಗೆಲ್ಲುವುದೆಂದರೆ ಅವನ ಮಟ್ಟಿಗೆ ಅಷ್ಟೇ. ಅದಕ್ಕಾಗಿ ಮೂರು ವರ್ಷ ಎಣ್ಣೆಯ ಹೊಗೆ ಕುಡಿದಿದ್ದ.

ಆ ಹುರುಪಿನಲ್ಲಿ ಮರುದಿನ ಬೆಳಿಗ್ಗೆ ಎರಡು ಪ್ಲೇಟ್ ಚುರುಮುರಿ ಸುಸಲಾ ತಿಂದು, ಹುಟ್ಟೂರು ಕಮಲಾಪುರದವರೆಲ್ಲ ಇದ್ದ ವಾಟ್ಸಾಪ್ ಗುಂಪಿಗೆ ‘ನಾಷ್ಟಾ ಆಯ್ತು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ. ಏನು ತಿಂದೆ ಎಂದು ಒಬ್ಬರಾದರೂ ಕೇಳಿಯಾರೆಂಬ ಆಸೆ. ಇಂಗ್ಲಿಷಿನಲ್ಲಿ ಬರೆದರೆ ನಾಷ್ಟಾಕ್ಕೂ ನಷ್ಟಕ್ಕೂ ಸ್ಪೆಲ್ಲಿಂಗ್ ಒಂದೇ ಎಂಬುದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಐದೇ ನಿಮಿಷಕ್ಕೆ ನಂದೂರದ ದಾಲ್ ಮಿಲ್ಲಿನಿಂದ ರೇವಣ ಫೋನ್ ಮಾಡಿದ. ಹಿಂದೆ ಇಬ್ಬರೂ ಅಲ್ಲಿ ಜೊತೆಗೆ ದುಡಿದವರು. ರೇವಣ ಮಾತಾಡಿ ಒಂದು ವರ್ಷವಾಗಿತ್ತು.

“ಎಷ್ಟಾಯ್ತೋ?” ಎಂದ ರೇವಣ, ಉಸಿರು ಬಿಗಿಹಿಡಿದು.

“ಅರವತ್ತು.”

“ಅರವತ್ತಾ! ಒಂದೇ ದಿನದಾಗ?”

“ದಿನಾ ಯಾಕ ಬೇಕು, ಹತ್ತ ನಿಮಿಷದಾಗ.”

“ಜೋಡಿ ಯಾರರ ಇದ್ದರೇನು?”

“ನನ್ನ ಜೋಡಿ ಯಾರಿರ್ತಾರಪಾ? ಒಬ್ಬನೇ.”

“ಅಯ್ಯೋ ಪಾಪ!” ಎಂದು ರೇವಣ ಫೋನಿಟ್ಟ.

ಸುಸಲಾಕ್ಕೆ ಇಷ್ಟು ಮರುಗುವವನನ್ನು ಮಾಳಿಂಗರಾಯ ಕಂಡಿರಲಿಲ್ಲ. ಅವನ ಅರವತ್ತು ರೂಪಾಯಿ ರೇವಣನ ಬಾಯಲ್ಲಿ ಅರವತ್ತು ಸಾವಿರವಾಗಿ, ನೆಹರು ಗಂಜ್ ಮಾರುಕಟ್ಟೆ ದಾಟುವಷ್ಟರಲ್ಲಿ ಆರು ಲಕ್ಷವಾಯಿತು.

ಹತ್ತು ಗಂಟೆಗೆ ಅವನ ರೂಮಿನ ಮಾಲಕಿ ಗೌಸಿಯಾ ಡಬ್ಬಿ ಹಿಡಿದು ಗಾಡಿಯ ಹತ್ತಿರ ಬಂದಳು. ರೇವಣನೇ ಆಕೆಗೆ ಫೋನ್ ಹಚ್ಚಿದ್ದ.

“ರೊಕ್ಕಾ ಇವತ್ತ ಹೋಗ್ತದ, ನಾಳಿ ಬರ್ತದ ಬೇಟಾ. ಮೊದಲ ಖಾನಾ ತಿನ್ನು.”

“ಈಗರ ತಿಂದೀನ್ರಿ ಖಾಲಾ. ನಾಷ್ಟಾ ಆಯ್ತು.”

“ನಷ್ಟಾ ಆಯ್ತಂತ ಎಲ್ಲರಿಗೂ ಮಾಲೂಮ್ ಅದ ಬೇಟಾ!” ಎಂದು ಗೌಸಿಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಳಿಂಗರಾಯನ ಕೈಯಲ್ಲಿದ್ದ ಚಿಪ್ಸ್ ಎತ್ತುವ ಝಾರಾ ಎಣ್ಣೆಗೆ ಬಿತ್ತು. ಸುಳ್ಳೇಕೆ, ಒಂದು ಗಳಿಗೆ ಅವನಿಗೆ ಹಿತವೂ ಆಯಿತು. ಈ ಊರಿನಲ್ಲಿ ಅವನಿಗಾಗಿ ಯಾರಾದರೂ ಕಣ್ಣು ಒದ್ದೆ ಮಾಡಿಕೊಂಡದ್ದು ಅದೇ ಮೊದಲು. ಆದರೆ ಗುಂಪಿನಲ್ಲಿ ಕರೀಂಸಾಬರೂ ಇದ್ದಾರೆಂಬುದು ನೆನಪಾದದ್ದೇ ಆ ಹಿತ ಆರಿಹೋಯಿತು. ದಿವಾಳಿ ಎದ್ದವನಿಗೆ ಯಾರು ಅಂಗಡಿ ಕೊಡುತ್ತಾರೆ?

ಗುಂಪಿನಲ್ಲಿ ನಿಜ ಬರೆಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಗುಂಪಿನ ಹಿರಿಯ ಚಂದ್ರಾಮಪ್ಪ ‘ಹುಡುಗನ ಮನಸ್ಸಿಗೆ ನೋವಾಗಬಾರದು’ ಎಂದು ಉಳಿದವರು ಯಾರೂ ಬರೆಯದಂತೆ ಬೀಗ ಹಾಕಿ, ತಾನೊಬ್ಬನೇ ಗಳಿಗೆಗೊಂದು ಸಮಾಧಾನದ ಮಾತು ಬರೆಯುತ್ತಿದ್ದ. ಕರೀಂಸಾಬರು ಫೋನ್ ಎತ್ತಲಿಲ್ಲ. ಮಾಳಿಂಗರಾಯ ಗಾಡಿ ಮುಚ್ಚಿ ಬಸ್ ಹತ್ತಿದ.

ಬಸ್ಸಿನಲ್ಲಿ ಊರಿನ ಮಾಳಮ್ಮ ಸಿಕ್ಕಳು. “ನಂಗಂತೂ ಫ್ರೀ ಅದ. ನಿಂದರ ತೆಗೀತೀನಿ ತಡಿ” ಎಂದು ಅವನ ಟಿಕೆಟ್ ತೆಗೆಸಿದಳು.

“ನಷ್ಟಾ ಅಲ್ಲಬೇ, ನಾಷ್ಟಾ!”

“ಹೂಂ ಮಗಾ, ಅದೇ, ನಷ್ಟಾ” ಎಂದು ಆಕೆ ಅವನ ತಲೆ ಸವರಿದಳು.

ಕಮಲಾಪುರದಲ್ಲಿ ಕರೀಂಸಾಬರು ಕಟ್ಟೆಯ ಮೇಲೆ ಕಾಗದಪತ್ರ ಹರಡಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಚಂದ್ರಾಮಪ್ಪನೂ ಇದ್ದ. ಕೂಡು ಎನ್ನುವುದಕ್ಕೂ ಬಿಡದೆ ಮಾಳಿಂಗರಾಯ ಶುರುಮಾಡಿದ.

“ಚಾಚಾ, ದೇವರಾಣಿ, ನಂಗ ಒಂದ್ ರೂಪಾಯಿ ಸುದ್ದಾ ನಷ್ಟಾ ಆಗಿಲ್ರಿ! ಸುಸಲಾ ತಿಂದಿದ್ದೆ, ಅಷ್ಟೇ. ಈ ಮೂರು ವರ್ಷದಾಗ ನಷ್ಟದ ಮಾರಿ ನೋಡಿದಾಂವಲ್ಲ ನಾ!”

ಕರೀಂಸಾಬರ ಪೆನ್ನು ನಿಂತಿತು. “ಒಮ್ಮೀನೂ ಆಗಿಲ್ಲ?”

“ಒಮ್ಮೀನೂ ಇಲ್ರಿ!”

ಕರೀಂಸಾಬರು ಚಶ್ಮಾ ತೆಗೆದು ಮಡಚಿದರು. “ತಪ್ಪಾಯ್ತಲ್ಲಪಾ. ಹಿಂದ ಇಬ್ಬರು ಹುಡುಗರಿಗಿ ಕೊಟ್ಟಿದ್ದೆ. ಲುಕ್ಸಾನ್ ಅಂದ್ರೇನಂತ ಗೊತ್ತಿಲ್ಲದೋರು. ಮೊದಲ ಪೆಟ್ಟಿಗೇ ಬೀಗಾ ಜಡ್ದು ಓಡಿಹೋದ್ರು. ನಿನ್ನ ಮೆಸೇಜ್ ಓದಿ ಖುಷಿ ಆಗಿತ್ತು ನೋಡು. ಆರು ಲಕ್ಷ ಕಳಕೊಂಡೂ ಮುಂಜಾನಿ ಎದ್ದು ಗಾಡಿ ಹಚ್ಚ್ಯಾನಂದ್ರ ಗಂಡಸ ಇಂವ, ಇವಗೇ ಕೊಡಬೇಕಂತ ಅರ್ಧಾ ಬಾಡಿಗೀಗಿ ಕಾಗದಾ ಬರೆಸೀನಿ.”

“ಹಂಗಾದ್ರ ಕೊಡ್ರಲಾ ಚಾಚಾ!”

“ನೀ ಇನ್ನಾ ಪೆಟ್ಟೇ ತಿಂದಿಲ್ಲಲ್ಲ. ವಹಾಬ್ನೂ ಕೇಳ್ಯಾನ. ಹೋದ ವರ್ಷ ಚಪ್ಪಲಿ ಅಂಗಡಿ ಮುಳುಗಿಸಿಕೊಂಡಾನ ಪಾಪ. ಅವಗ ಕೊಡ್ತೀನಿ.”

“ಖರೇ ಹೇಳಬೇಕಂದ್ರ ನಂಗೂ ಸ್ವಲ್ಪ ನಷ್ಟಾ...”

“ಈಗರ ದೇವರಾಣಿ ಮಾಡ್ದೆಲ್ಲೋ!” ಎಂದು ಚಂದ್ರಾಮಪ್ಪ ಗದರಿದ. ಅಲ್ಲೇ ಫೋನ್ ತೆಗೆದು ಗುಂಪಿಗೆ ಬರೆದ: ‘ಮಾಳಿಂಗರಾಯಗ ಏನೂ ಆಗಿಲ್ಲ. ಆರಾಮ ಅದಾನ. ಯಾರೂ ಫೋನ್ ಮಾಡೋ ಜರೂರತ್ ಇಲ್ಲ.’

ತಿರುಗಿ ಬರುವ ಬಸ್ಸಿನಲ್ಲಿ ಮಾಳಿಂಗರಾಯ ಕಿಟಕಿಯ ಪಕ್ಕ ಕುಳಿತ. ಅಂಗಡಿ ಕೈತಪ್ಪಿತೆಂದು ಯಾರ ಮುಂದಾದರೂ ಹೇಳಿಕೊಂಡು ಅಳಬೇಕೆನಿಸಿತು. ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿದ್ದ ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡ. ನಮ್ಮ ಜನ ಹಿರಿಯರ ಮಾತು ಮೀರುವವರಲ್ಲ. ಕಲಬುರಗಿ ಬರುವ ತನಕ ಒಬ್ಬರೂ ಫೋನ್ ಮಾಡಲಿಲ್ಲ.