ಸರದಾರನ ಸುಸ್ತು

ಕುದುರೆ ಸಾಕಿದವರ ಮನೆಗೆ ನಗು ತಾನೇ ವಿಳಾಸ ಕೇಳಿಕೊಂಡು ಬರುತ್ತದೆ. ನನ್ನ ಮನೆಗಂತೂ ಒಂದು ವರ್ಷ ಬಂದು ಠಿಕಾಣಿ ಹೂಡಿತ್ತು.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಮನಗರದ ಆಟೋಗಳ ನಡುವೆ ಜಟಕಾ ಓಡಿಸುತ್ತಿದ್ದ ಹೆಂಗಸು ನಾನೊಬ್ಬಳೇ. ಮಾಗಡಿ, ಕನಕಪುರದ ಬಸ್ಸುಗಳಲ್ಲಿ ಬಂದಿಳಿದ ರೇಷ್ಮೆಗೂಡಿನ ಮೂಟೆಗಳನ್ನು ಮಾರ್ಕೆಟ್ಟಿಗೆ ಮುಟ್ಟಿಸುವುದು ಕೆಲಸ. ಮನೆ ಕಟ್ಟಿದ್ದು, ಮಗಳನ್ನು ಓದಿಸಿದ್ದು ಎಲ್ಲ ನನ್ನ ಕುದುರೆ ಸರದಾರನ ಕಾಲಿನ ಬಲದಿಂದ.

ಆ ವರ್ಷ ಮಳೆ ಹಿಂದಾಗಿ ಚಳಿ ಇಣುಕುವ ಹೊತ್ತಿಗೆ ಅವನು ಮಂಕಾದ. ಬೇಯಿಸಿದ ಹುರುಳಿ ಮೂಸಿ ಬಿಡುವುದು, ಏರು ಕಂಡರೆ ನಿಲ್ಲುವುದು.

"ಮಾರ್ಬುಟ್ಟು ಆಯುಧಪೂಜೆಗೆ ಲಗೇಜ್ ಆಟೋ ತಕಳವ ಅತ್ತಿಗೆ" ಎಂದ ಮೈದುನ.

"ಮಹಾಲಯ ಅಮಾವಾಸ್ಯೆ ಒಳಗೆ ಓಡ್ಸಿ ತೋರುಸ್ತೀನಿ. ಆಗ್ಲಿಲ್ವಾ, ನಾನೇ ಹಗ್ಗ ಬಿಚ್ಚಿ ಕೊಡ್ತೀನಿ" ಎಂದೆ.

ಆಡಿದ ಮಾತನ್ನು ನುಂಗುವವಳಲ್ಲ ನಾನು. ಅದು ಇಡೀ ಬೀದಿಗೆ ಗೊತ್ತಿತ್ತು, ಸರದಾರನಿಗೆ ಮಾತ್ರ ಗೊತ್ತಿರಲಿಲ್ಲ.

ಕೂದಲಿನ ವಿಚಾರ

ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕುದುರೆ ಸಾಕಣೆಯ ಹಳೇ ಪುಸ್ತಕ ಸಿಕ್ಕಿತು. ಚಳಿಗೆ ಮುಂಚೆ ಕುದುರೆಗೆ ಹೊಸ ಕೂದಲು ಬರುತ್ತದೆ, ತಿಂದ ಸಾರವೆಲ್ಲ ಅದಕ್ಕೇ ಹೋಗಿ ಸುಸ್ತಾಗುತ್ತದೆ, ಬೈಯಬಾರದು ಎಂದಿತ್ತು. ಮೈದುನನಿಗೆ ಜೋರಾಗಿ ಓದಿ ಹೇಳಿದೆ.

"ಕೂದ್ಲು ಬೆಳ್ಸಕ್ಕೆ ಯಾರಿಗಾದ್ರೂ ಸುಸ್ತಾಯ್ತದಾ ಅತ್ತಿಗೆ?" ಎಂದು ನಕ್ಕ.

ಅವನ ತಲೆ ಬೋಳಾಗಿ ಬಹಳ ಕಾಲವಾಗಿತ್ತು. "ನೀನು ಹೇಳೋದೂ ಸರಿ ಕಣಪ್ಪ. ಪುಸ್ತಕದ ಲೆಕ್ಕದಲ್ಲಿ ಈ ಊರಿಗೆಲ್ಲ ನೀನೇ ಚುರುಕಾಗಿರ್ಬೇಕಿತ್ತು" ಎಂದೆ.

ಡಾಕ್ಟರ ಹೊಟ್ಟೆ

ದನದ ಆಸ್ಪತ್ರೆಯ ಡಾಕ್ಟರು ಹಲ್ಲು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು, ಜಂತುಹುಳಕ್ಕೆ ಔಷಧಿ ಕೊಟ್ಟರು. "ಜ್ವರ ಇಲ್ಲ, ಏನೂ ಇಲ್ಲ. ತಿನ್ನೋದು ಒಸಿ ಕಮ್ಮಿ ಮಾಡ್ಸಮ್ಮ" ಎಂದರು.

ನನಗೆ ರೇಗಿತು. "ಸಾರ್, ನನ್ನ ಕೂಸು ಏನೂ ತಿಂತಿಲ್ಲ ಅಂತ ನಾನು ಅಳ್ತಿದ್ರೆ, ಕಮ್ಮಿ ಮಾಡ್ಸು ಅಂತೀರಲ್ಲ!"

ಡಾಕ್ಟರು ಮೊದಲು ಸರದಾರನ ಹೊಟ್ಟೆ ಸವರಿದರು, ಆಮೇಲೆ ತಮ್ಮದನ್ನು. "ನಾನೂ ಏನೂ ತಿನ್ನಲ್ಲ ಅಂತ ನಮ್ಮನೆಯವರೂ ಹಿಂಗೇ ಅಳ್ತಾರೆ ಕಣಮ್ಮ."

ಸವತಿ

ಚನ್ನಪಟ್ಟಣದಲ್ಲಿ ಜಟಕಾ ಓಡಿಸಿ ಮುದುಕರಾದ ಸಾಹೇಬರೊಬ್ಬರಿದ್ದರು. ಹುರುಳಿಗೆ ಓಮ, ಬೆಲ್ಲ ಹಾಕು ಎಂದು ಹೇಳಿ, ದನಿ ಇಳಿಸಿದರು. "ಸುನೋ ಬೇಟಿ, ಕುದುರೆಗೆ ಹೊಟ್ಟೆಕಿಚ್ಚು ಜಾಸ್ತಿ. ಅದರ ಮುಂದೆ ಇನ್ನೊಂದು ಕುದುರೆನ ಮುದ್ದು ಮಾಡು. ಕೈಯಿಂದ ಕಿತ್ಕೊಂಡು ತಿಂತದೆ."

ಇನ್ನೊಂದು ಕುದುರೆಗೆ ಎಲ್ಲಿಗೆ ಹೋಗಲಿ? ಸಾಹೇಬರ ಮಗನದು ಬೊಂಬೆ ಕಾರ್ಖಾನೆ. ಮಕ್ಕಳು ಕೂತು ತೂಗುವ ಕೆಂಪು ಮರದ ಕುದುರೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಿಯೇಬಿಟ್ಟರು. ಸಂಜೆ ಅದರ ಮೈ ತಿಕ್ಕಿದೆ, ಬಾಯಿಗೆ ಹುರುಳಿ ಹಿಡಿದೆ, "ನೀನೇ ನನ್ನ ಬಂಗಾರ" ಎಂದೆ. ಬೀದಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸರದಾರನೂ ನೋಡಿದ. ನಿಧಾನಕ್ಕೆ ಹತ್ತಿರ ಬಂದ. ಕಿಚ್ಚು ಹತ್ತಿತು ಎಂದು ನನಗೆ ಖುಷಿಯೋ ಖುಷಿ.

ಅವನು ಆ ಮರದ ಬೆನ್ನಿನ ಮೇಲೆ ಗಲ್ಲ ಊರಿ ಹಾಗೇ ನಿದ್ದೆ ಹೋದ.

ವ್ಯಾಪಾರ

ಅಮಾವಾಸ್ಯೆ ಬಂತು, ಹೋಯಿತು. ಸರದಾರ ಓಡಲಿಲ್ಲ. ಮಾರನೇ ಮಧ್ಯಾಹ್ನ ಮೈದುನ ಕನಕಪುರದಿಂದ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬನನ್ನು ಕರೆತಂದ. ಮಾತು ಕೊಟ್ಟಿದ್ದೆ. ಅಳು ಬಂದರೂ ಮುಖ ಬಿಗಿ ಹಿಡಿದು ಹಗ್ಗ ಬಿಚ್ಚಿದೆ.

ಸರದಾರ ತೂಕಡಿಸುತ್ತಿದ್ದುದು ನೋಡಿ ಕೊಳ್ಳಲು ಬಂದವನಿಗೆ ಪರಮಾನಂದ. "ಪಟಾಕಿ ಹೊಡುದ್ರೂ ಬೆಚ್ಚಲ್ಲ. ಇಂಥದ್ದೇ ಬೇಕಾಗಿತ್ತು ಕಣಕ್ಕ. ಬೀದಿ ಕೊನೆಗಂಟ ಹೋಗ್ ಬತ್ತೀನಿ" ಎಂದು ಹತ್ತಿ ಕೂತ. ನಾನೂ ಮೈದುನನೂ ಹಿಂದೆ ನಡೆದೆವು.

ಸರದಾರ ಮೊದಲನೇ ಮನೆ ಮುಂದೆ ನಿಂತು ಬಾಗಿಲೊಳಗೆ ತಲೆ ಹಾಕಿದ. ಎಳೆದರೂ ಬರಲೊಲ್ಲ. ಆ ಮನೆಯಾಕೆ ಹೊರಗೆ ಬಂದು, "ನಮ್ದು ಹೋದ್ವಾರವೇ ಆಯ್ತಲ್ಲಪ್ಪ, ಇನ್ನೆಲ್ಲಿ ವಡೆ?" ಎಂದಳು. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಎರಡನೇ ಮನೆ ಮುಂದೆಯೂ ನಿಂತ. ಮೂರನೆಯದರ ಮುಂದೆಯೂ.

ಆಗ ನನಗೆ ಬೆಳಕಾಯಿತು. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಟ್ಟು, ಆಮೇಲೆ ಅದನ್ನು ಹಸುವಿಗೆ ಕೊಡುವುದು ವಾಡಿಕೆ. ಹುಲ್ಲುಗಾವಲು ಕಾರ್ಖಾನೆಯಾದ ಮೇಲೆ ಬೀದಿಯಲ್ಲಿ ಹಸುವೇ ಇರಲಿಲ್ಲ. ನಾಲ್ಕು ಕಾಲಿನದು ಅಂತಿದ್ದದ್ದು ನನ್ನ ಸರದಾರ ಒಬ್ಬನೇ. ಮಧ್ಯಾಹ್ನ ಅವನನ್ನು ಬಿಚ್ಚಿಬಿಟ್ಟು ನಾನು ಓದಲು ಕೂರುತ್ತಿದ್ದೆ. ದಿನಕ್ಕೊಂದು ಮನೆಯ ಪಿತೃಗಳ ಪಾಲನ್ನೆಲ್ಲ ಅವನೇ ವಹಿಸಿಕೊಂಡಿದ್ದ. ನಾನು ಬೈತೀನಿ ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಯಾಪಾರ ಇಲ್ಲ, ಇಳಿಯಪ್ಪ!" ಎಂದು ಕೂಗಿದೆ. "ಇದು ಸುಸ್ತಲ್ಲ, ಕಜ್ಜಾಯ!"

ಅಷ್ಟರಲ್ಲಿ ಸರದಾರ ಅವನನ್ನು ಹೊತ್ತುಕೊಂಡು ಕೊನೇ ಮನೆ ತಲುಪಿಯಾಗಿತ್ತು. ಅಲ್ಲಿದ್ದದ್ದು ಗಂಡನನ್ನು ಕಳೆದುಕೊಂಡ ಅಜ್ಜಿ. ಬಾಗಿಲಿಗೆ ಬಂದವಳೇ ಸೆರಗು ಹೊದ್ದುಕೊಂಡು, ಸರದಾರನ ಮುಖ ನೋಡಿ ಬಲು ಮರ್ಯಾದೆಯಿಂದ ಗದರಿದಳು:

"ನಿನ್ನೆ ತಾನೆ ಹೊಟ್ಟೆ ತುಂಬ ಉಂಡು ಹೋದ್ರಲ್ಲ, ಇವತ್ತೂ ಬಂದ್ರಾ? ಬದುಕಿದ್ದಾಗ್ಲೂ ಹಿಂಗೇಯ!"

ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ಕೂತವನನ್ನು ನೋಡಿದಳು.

"ಜೊತೆಗೆ ಯಾರ್ನ ಕರ್ಕಂಡ್ ಬಂದ್ರಿ? ಪಾಪ, ಇವ್ರು ಯಾವಾಗ ಹೋಗ್ಬುಟ್ರು?"