ಆ ವೈರು ಮಾತ್ರ ಬಿಡಬೇಡಿ

ಈ ಮನೆಯಲ್ಲಿ ಕೆಟ್ಟುಹೋದ ಸಾಮಾನು ಇರಬಾರದು, ಇದ್ದರೆ ನಾನಿರಬಾರದು! ಸಂಸಾರ ಹೂಡಿದ ಹೊಸದರಲ್ಲೇ ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಪ್ರತಿಜ್ಞೆಯ ಎರಡನೆಯ ಭಾಗವನ್ನು ಯಾವಾಗ ಜಾರಿಗೆ ತರುತ್ತೀರಿ ಎಂದು ಹೆಂಡತಿ ಆಗಾಗ ವಿಚಾರಿಸುತ್ತಾಳೆ. ಇಂಥ ಮಾತಿಗೆಲ್ಲ ಕುಗ್ಗುವ ಪೈಕಿ ನಾನಲ್ಲ. ನಮ್ಮ ಮಿಕ್ಸಿಯನ್ನು ರಿಪೇರಿ ಮಾಡಿದವನು ನಾನೇ. ಈಗ ಅದರ ಮೇಲೆ ಗಡಿಯಾರ ಇಟ್ಟಿದ್ದೇವೆ. ಗಡಿಯಾರವನ್ನೂ ನಾನೇ ರಿಪೇರಿ ಮಾಡಿದ್ದರಿಂದ ಎರಡೂ ಒಂದಕ್ಕೊಂದು ತೊಂದರೆ ಕೊಡದೆ ತೆಪ್ಪಗಿವೆ.

ಇಂಥ ನನ್ನ ಕಣ್ಣು ಈಚೆಗೆ ನಮ್ಮ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಅದು ತೀರ ಪುಟ್ಟದು. ಮುಚ್ಚಿಟ್ಟರೆ ಮಗಳ ಡ್ರಾಯಿಂಗ್ ಪುಸ್ತಕದ ಕೆಳಗೆ ಕಾಣೆಯಾಗುತ್ತದೆ. ಬ್ಯಾಟರಿ ಯಾವಾಗಲೋ ಪ್ರಾಣ ಬಿಟ್ಟಿದೆ, ಚಾರ್ಜರ್ ವೈರಿನ ಉಸಿರಲ್ಲೇ ಬದುಕು. ಆ ವೈರಿನ ಪಿನ್ನಾದರೂ ಗಟ್ಟಿ ಇದೆಯೇ? ಅದೂ ಸಡಿಲ. ಒಂದು ಓರೆಯಲ್ಲಿ ಒತ್ತಿ ಹಿಡಿದರೆ ಮಾತ್ರ ದೀಪ ಹೊತ್ತುತ್ತದೆ. ಕೈ ತೆಗೆದರೆ ಯಂತ್ರ ಕಣ್ಣು ಮುಚ್ಚುತ್ತದೆ. ಅದಕ್ಕೆಂದೇ ಸೋಪಿನ ಡಬ್ಬಿಯ ರಟ್ಟನ್ನು ಮಡಚಿ ಪಿನ್ನಿನ ಕೆಳಗೆ ಸಿಕ್ಕಿಸಿಡುತ್ತಿದ್ದೆವು.

ಈ ಲ್ಯಾಪ್‌ಟಾಪಿನ ಮೇಲೆ ನನ್ನ ಹೆಂಡತಿಯ ಭವಿಷ್ಯ ನಿಂತಿತ್ತು. ಅವಳು ಹಿಂದೆ ದೊಡ್ಡ ಲಾಂಡ್ರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವಳು. ಆಸ್ಪತ್ರೆ, ಹೋಟೆಲುಗಳ ಬಟ್ಟೆಯನ್ನು ರಾಶಿಗಟ್ಟಲೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಜಾಗ. ಮಗಳು ಹುಟ್ಟಿದಾಗ ಕೆಲಸ ಬಿಟ್ಟಳು. ಈಗ ಮಗಳು ಶಾಲೆಗೆ ಹೋಗುತ್ತಾಳೆ, ಅತ್ತೆ ನಮ್ಮ ಜತೆಗೇ ಇದ್ದಾರೆ, ಮತ್ತೆ ಕೆಲಸಕ್ಕೆ ಸೇರಬೇಕೆಂದು ಅವಳು ಅರ್ಜಿ ಹಾಕುತ್ತಲೇ ಇದ್ದಳು. ಇಷ್ಟು ವರ್ಷ ಮನೆಯಲ್ಲಿದ್ದಿರಲ್ಲ ಎಂದು ಎಲ್ಲರೂ ಬಾಗಿಲು ತೋರಿಸಿದ್ದರು. ಕೊನೆಗೆ ಒಂದು ಕಂಪನಿ ಸಂದರ್ಶನಕ್ಕೆ ಕರೆದಿತ್ತು. ಶನಿವಾರ ಮಧ್ಯಾಹ್ನ ಮೂರಕ್ಕೆ, ವಿಡಿಯೋ ಕರೆಯಲ್ಲಿ. ಕೆಲಸಗಾರರಿಗೆ ಪಾಳಿ ಹಂಚುವ ಚಾರ್ಟನ್ನು ತಯಾರಿಸಿ ಪರದೆಯ ಮೇಲೆ ತೋರಿಸಬೇಕು, ಫೋನಿನಲ್ಲಿ ಅದು ಆಗುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಅವಳು ಕನ್ನಡಿಯ ಮುಂದೆ ನಿಂತು ಉತ್ತರಗಳನ್ನು ಅಭ್ಯಾಸ ಮಾಡುವುದನ್ನು ನಾನೊಮ್ಮೆ ನೋಡಿದೆ. ನಾನು ನೋಡಿದೆನೆಂದು ತಿಳಿದ ಕೂಡಲೇ ತಲೆ ಬಾಚುತ್ತಿರುವವಳ ಹಾಗೆ ನಟಿಸಿದಳು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿದೆ ಎಂದು ನನಗೆ ಆಗ ಅರ್ಥವಾಯಿತು.

"ಸಂದರ್ಶನ ಮುಗಿಯೋವರೆಗೂ ಆ ಲ್ಯಾಪ್‌ಟಾಪ್ ಮುಟ್ಟಬೇಡಿ" ಎಂದು ಅವಳು ಅಪ್ಪಣೆ ಕೊಡಿಸಿದ್ದಳು. ಅವಳ ಮಾತಿನ ಅರ್ಥ ಕೆಡಿಸಬೇಡಿ ಎಂದಲ್ಲವೇ? ನಾನು ಮಾಡಹೊರಟಿದ್ದು ಉದ್ಧಾರ!

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನಿಗೆ ನಾವಿಟ್ಟ ಹೆಸರು ಸಲಹಾ ಮಂಡಳಿ. ಹಲ್ಲುನೋವಿನಿಂದ ಹಿಡಿದು ಮನೆ ಕಟ್ಟುವವರೆಗೆ ಅವನಲ್ಲಿ ಎಲ್ಲಕ್ಕೂ ಸಲಹೆ ಸಿದ್ಧ. ಹೊಸ ಆಪರೇಟಿಂಗ್ ಸಿಸ್ಟಮ್ ಡೌನ್‌ಲೋಡ್ ಮಾಡಿ ಹಾಕು, ಮುದಿ ಲ್ಯಾಪ್‌ಟಾಪೂ ಹುಡುಗನ ಹಾಗೆ ಓಡುತ್ತದೆ, ಅರ್ಧ ಗಂಟೆಯ ಕೆಲಸ ಎಂದು ಅವನು ಭರವಸೆ ಕೊಟ್ಟ. ಗುರುವಾರ ಸಂಜೆಯಿಂದ ಮನೆಯಲ್ಲಿ ಯಾರೂ ಇಂಟರ್ನೆಟ್ ಮುಟ್ಟಕೂಡದೆಂದು ಹುಕುಂ ಹೊರಡಿಸಿದೆ. ಆಫೀಸಿನದೇನೋ ದೊಡ್ಡ ಕೆಲಸ ಎಂದು ಸುಳ್ಳು ಹೇಳಿದೆ. ಮಗಳ ಕಾರ್ಟೂನು ನಿಂತಿತು, ಅತ್ತೆಯ ಧಾರಾವಾಹಿ ಅರ್ಧಕ್ಕೇ ಉಳಿಯಿತು, ನನ್ನ ಫೈಲು ಫೋನಿಗೆ ಆಮೆ ನಡಿಗೆಯಲ್ಲಿ ಇಳಿಯತೊಡಗಿತು. ನಡುವೆ ಹೆಂಡತಿ ಬಂದು ಚಾರ್ಜರಿನ ವಿಷಯ ಏನೋ ಹೇಳಿದಳು. ನಾನು ಇಳಿಯುತ್ತಿದ್ದ ಫೈಲಿನಲ್ಲೇ ಕಣ್ಣು ನೆಟ್ಟು "ಹ್ಞೂಂ" ಅಂದೆ. ಗಂಡಂದಿರ ಹ್ಞೂಂಗೆ ಅರ್ಥವಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಶನಿವಾರ ಬೆಳಿಗ್ಗೆ ಹೆಂಡತಿ ತರಕಾರಿಗೆಂದು ಹೊರಗೆ ಹೋದಳು. ಇದೇ ಸುಸಮಯವೆಂದು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಸೋಪಿನ ರಟ್ಟು ಎಲ್ಲೂ ಕಾಣಲಿಲ್ಲ. ಇರಲಿ ಎಂದು ಪಿನ್ನು ಸಿಕ್ಕಿಸಿದೆ. ನನ್ನ ಕೈಗುಣ ನೋಡಿ, ಒಂದೇ ಸಲಕ್ಕೆ ದೀಪ ಹೊತ್ತಿತು! ಆದರೆ ಫೋನಿನಲ್ಲಿದ್ದ ಫೈಲನ್ನು ಸಾಗಿಸಹೋದರೆ ಲ್ಯಾಪ್‌ಟಾಪು ಒಳಗೆ ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಗಾತ್ರವೇ ಅಷ್ಟು, ಜಾಗ ಎಲ್ಲಿಂದ ಬರಬೇಕು? ಮಗಳ ಆಟಗಳನ್ನು ಅಳಿಸಿದೆ. ಸಾಲಲಿಲ್ಲ. ಹೆಂಡತಿಯ ಚಾರ್ಟು, ಕಾಗದಪತ್ರ ಎಲ್ಲವನ್ನೂ ಬೆರಳುದ್ದದ ಪೆನ್‌ಡ್ರೈವಿಗೆ ಸಾಗಿಸಿ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಕೊನೆಗೆ ‘ಇನ್‌ಸ್ಟಾಲ್’ ಗುಂಡಿ ಒತ್ತಿದೆ. ಕಂಪ್ಯೂಟರ್ ಆರಿಸಬೇಡಿ ಎಂಬ ಎಚ್ಚರಿಕೆಯೊಂದಿಗೆ ಪರದೆಯ ನಡುವೆ ಒಂದು ಚಕ್ರ ಗರಗರ ತಿರುಗತೊಡಗಿತು. ಇತ್ತ ನಾನು ಬೆವತಿದ್ದ ಅಂಗಿಯನ್ನು ಬಿಚ್ಚಿ ಬಟ್ಟೆಬುಟ್ಟಿಗೆ ಎಸೆದು ಬೇರೆ ಅಂಗಿ ಹಾಕಿಕೊಂಡು ವಿಜಯಿಯಂತೆ ಕುಳಿತೆ.

ಚಕ್ರ ತಿರುಗಿತು. ಅರ್ಧ ಗಂಟೆ ಕಳೆಯಿತು, ಗಂಟೆ ಕಳೆಯಿತು. ಶೇಕಡಾ ಮೂವತ್ತೆರಡಕ್ಕೆ ಬಂದು ನಿಂತ ಸಂಖ್ಯೆ ಅಲ್ಲಿಂದ ಒಂದಿಂಚೂ ಕದಲಲಿಲ್ಲ. ಸಲಹಾ ಮಂಡಳಿಗೆ ಫೋನು ಮಾಡಿದೆ. ಅವನು ಯಾವುದೋ ಗುಂಡಿಯನ್ನು ಒತ್ತಿ ಹಿಡಿ ಎಂದ. ಆಮೇಲೆ ಅಯ್ಯೋ ಒತ್ತಬೇಡ ಎಂದ. ಕೊನೆಗೆ ನಮ್ಮನೆಗೆ ನೆಂಟರು ಬಂದರು ಎಂದು ಫೋನಿಟ್ಟ.

ಅಷ್ಟರಲ್ಲಿ ಹೆಂಡತಿ ಬಂದಳು. ತರಕಾರಿ ಚೀಲ ಕೆಳಗಿಟ್ಟು ಪರದೆ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕೂಗಾಡಲಿಲ್ಲ.

"ಇದೇನ್ರೀ?"

"ಉದ್ಧಾರ ಮಾಡ್ತಿದ್ದೆ ಕಣೇ."

"ಆಯ್ತಾ?"

"ಇನ್ನೂ ಮೂವತ್ತೆರಡಾಗಿದೆ."

ಅವಳು ಕುರ್ಚಿಯಲ್ಲಿ ಕುಳಿತು ಒಂದು ಲೋಟ ನೀರು ಕುಡಿದಳು. ಏನಾದರೂ ಮಾಡಲೇಬೇಕೆಂದು ಒಂದು ಗುಂಡಿ ಒತ್ತಿದೆ, ಲ್ಯಾಪ್‌ಟಾಪನ್ನು ಎತ್ತಿ ಮೆಲ್ಲಗೆ ಕುಲುಕಿದೆ, ಸ್ಕ್ರೂಡ್ರೈವರ್ ಎಲ್ಲಿ ಎಂದು ಎದ್ದೆ. ಸ್ಕ್ರೂಡ್ರೈವರ್ ಎಂದದ್ದೇ ತಡ, ಹೆಂಡತಿ ಎದ್ದು ನಿಂತಳು.

"ರೀ, ಇಲ್ಲಿ ಬನ್ನಿ, ಕೂತ್ಕೊಳ್ಳಿ. ಈ ಪಿನ್ನಿನ ಹತ್ರ ವೈರನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಈಗ ಕರೆಂಟ್ ಹೋದ್ರೆ ಎಲ್ಲಾ ಹೋಗುತ್ತೆ. ಏನು ಬೇಕಾದ್ರೂ ಆಗ್ಲಿ, ಆ ವೈರು ಮಾತ್ರ ಬಿಡಬೇಡಿ."

ನಾನು ಬೆಚ್ಚಿಬಿದ್ದೆ. ಅಷ್ಟು ಹೊತ್ತೂ ಯಾರೂ ಹಿಡಿದಿರಲೇ ಇಲ್ಲ! ರಟ್ಟೂ ಇಲ್ಲದೆ ಆ ಪಿನ್ನು ಹೇಗೆ ನಿಂತಿತ್ತೋ! ತಕ್ಷಣ ಮೇಜಿನ ಪಕ್ಕದಲ್ಲಿ ಮಗಳ ಗಿಡ್ಡ ಸ್ಟೂಲು ಹಾಕಿಕೊಂಡು, ವೈರನ್ನು ಓರೆಯಾಗಿ ಒತ್ತಿ ಹಿಡಿದು ಕುಳಿತೆ. ವೈರು ಯಾಕೋ ಹೊಳೆಯುತ್ತಿತ್ತು, ಒರೆಸಿಟ್ಟಿರಬೇಕು ಅಂದುಕೊಂಡೆ.

ಮನೆಯ ಸಂಸಾರ ನನ್ನನ್ನು ಸುತ್ತಿ ಹಾದುಹೋಗತೊಡಗಿತು. ಮಗಳು ಬಂದು ಅಪ್ಪ ಯಾಕೆ ನನ್ನ ಸ್ಟೂಲಿನ ಮೇಲೆ ಕೂತಿದ್ದಾರೆ ಎಂದು ಕೇಳಿದಳು. ಅಪ್ಪ ತುಂಬಾ ಮುಖ್ಯವಾದ ಕೆಲಸದಲ್ಲಿದ್ದಾರೆ ಎಂದು ಹೆಂಡತಿ ಹೇಳಿದಾಗ ನನಗೆ ನನ್ನ ಬಗ್ಗೆಯೇ ಗೌರವ ಬಂತು. ಮೂಗು ತುರಿಸಿತು, ಭುಜದಿಂದ ಒರೆಸಿಕೊಂಡೆ. ಕಾಲು ಜೋಮು ಹಿಡಿಯಿತು, ಹಿಡಿಯಲಿ ಎಂದೆ. ಅತ್ತೆ ಬಾಳೆಹಣ್ಣು ಸುಲಿದು ತಂದರು. "ಅಳಿಯಂದ್ರೇ, ಬಾಯಿ ತೆಗೀರಿ" ಎಂದು ತುತ್ತು ತುತ್ತಾಗಿ ತಿನ್ನಿಸಿದರು. ಮೊಮ್ಮಗಳಿಗಿಂತ ಅಳಿಯಂದಿರೇ ಹಟ ಮಾಡದೆ ತಿನ್ನುತ್ತಾರೆ ಎಂಬ ಪ್ರಶಂಸೆಯೂ ಸಿಕ್ಕಿತು. ಹೆಂಡತಿ ಆಗಾಗ ಹಾದುಹೋಗುತ್ತ, ಚೆನ್ನಾಗಿ ಹಿಡಿದಿದ್ದೀರಿ, ಹಾಗೇ ಇರಲಿ ಎನ್ನುತ್ತಿದ್ದಳು. ನನಗೆ ಹುರುಪೇರಿ ಇನ್ನೂ ಬಲವಾಗಿ ಒತ್ತಿದೆ.

ಮಧ್ಯಾಹ್ನ ಎರಡು ಗಂಟೆ ದಾಟಿತು. ಅವಳು ಸಂದರ್ಶನದ ಬಟ್ಟೆ ಉಟ್ಟು, ತಲೆ ಬಾಚಿ ಬಂದು ಪರದೆಯ ಮುಂದೆ ಕುಳಿತಳು. ಈ ಸಲ ನಿಜಕ್ಕೂ ಬಾಚಿದ್ದಳು. ಮೂವತ್ತೆರಡು ಹಾಗೇ ಇತ್ತು.

"ನನ್ನ ಚಾರ್ಟ್ ಎಲ್ಲಿಟ್ಟಿದ್ದೀರಿ?"

"ಪೆನ್‌ಡ್ರೈವ್‌ನಲ್ಲಿ."

"ಪೆನ್‌ಡ್ರೈವ್?"

ಹೊಸ ಅಂಗಿಯ ಜೇಬನ್ನು ಖಾಲಿಯಿದ್ದ ಕೈಯಿಂದ ಮುಟ್ಟಿ ನೋಡಿಕೊಂಡೆ. ಏನೂ ಇರಲಿಲ್ಲ. ಬಚ್ಚಲ ಕಡೆಯಿಂದ ವಾಷಿಂಗ್ ಮೆಷಿನ್ನು ಗುಡುಗುಡು ಎನ್ನುತ್ತಿತ್ತು. ನನ್ನ ಬೆವರಿನ ಅಂಗಿ, ಅದರ ಜೇಬು, ಆ ಜೇಬಿನೊಳಗೆ ಅವಳ ಭವಿಷ್ಯ, ಎಲ್ಲ ಸೋಪಿನ ನೊರೆಯಲ್ಲಿ ಉರುಳುತ್ತಿದ್ದವು. ಓಡಬೇಕೆಂದರೆ ವೈರು ಬಿಡುವಂತಿಲ್ಲ. ವೈರು ಹಿಡಿದರೆ ಓಡುವಂತಿಲ್ಲ. ಬಚ್ಚಲ ಕಡೆ ಗದ್ದ ಎತ್ತಿ ತೋರಿಸಿದೆ.

ಅವಳು ಎದ್ದುಹೋಗಿ, ಮೆಷಿನ್ನಿನ ಪಕ್ಕದ ಗೂಡಿನಲ್ಲಿದ್ದ ಬಟ್ಟಲನ್ನು ತಂದು ನನ್ನ ಮುಂದಿಟ್ಟಳು. ಒಂದು ಗುಂಡಿ, ಎರಡು ಬಸ್ ಟಿಕೆಟ್ಟು, ಮಗಳ ರಬ್ಬರು, ಅವುಗಳ ನಡುವೆ ಒಂದು ಹನಿ ನೀರೂ ತಾಗದ ಪೆನ್‌ಡ್ರೈವು.

"ಜೇಬು ನೋಡದೆ ನಾನು ಯಾವ ಬಟ್ಟೇನೂ ಮೆಷಿನ್‌ಗೆ ಹಾಕಲ್ಲ. ಲಾಂಡ್ರಿಲಿ ಕಲಿತ ಮೊದಲ ಪಾಠ" ಎಂದಳು.

ಹೋದ ಜೀವ ಮುಕ್ಕಾಲು ಪಾಲು ಬಂತು. ಉಳಿದ ಕಾಲು ಪಾಲು ಲ್ಯಾಪ್‌ಟಾಪಿನಲ್ಲೇ ಸಿಕ್ಕಿಕೊಂಡಿತ್ತು. ಅದೇ ಹೊತ್ತಿಗೆ ಪರದೆ ಕಪ್ಪಾಯಿತು. ನಾನು ವೈರನ್ನು ಹಿಸುಕಿ ಹಿಡಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿ ಬೆರಳಿಗೆ ಬೆರಳು ಹೆಣೆದು ಕುಳಿತಳು. ಈ ಕೆಲಸ ತಪ್ಪಿದರೆ ನನ್ನ ಮುಖ ನಾನೇ ಕನ್ನಡಿಯಲ್ಲಿ ನೋಡಿಕೊಳ್ಳಲಾರೆ ಎನ್ನಿಸಿತು. ನಿಜವಾಗಿ ಹೇಳುತ್ತೇನೆ, ಆಗ ನನಗೆ ಅಳುವೇ ಬಂದಿತ್ತು.

ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿತು. ಅದರ ಒಟ್ಟು ಅಭಿಪ್ರಾಯ ಇಷ್ಟೇ: ಹೊಸದನ್ನು ಹಾಕಲು ಆಗಲಿಲ್ಲ, ಮಾಡಿದ್ದನ್ನೆಲ್ಲ ರದ್ದು ಮಾಡಿ ಮೊದಲಿದ್ದ ಹಾಗೇ ಇಡುತ್ತಿದ್ದೇನೆ. ಮತ್ತೆ ಚಕ್ರ ತಿರುಗಿತು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಮೂರು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ, ನಮ್ಮ ಹಳೆಯ, ನಿಧಾನದ, ಗೊರಗೊರ ಸದ್ದಿನ ಲ್ಯಾಪ್‌ಟಾಪು ಕಣ್ಣು ಬಿಟ್ಟಿತು! ಮಗಳು ಬಣ್ಣ ಬಳಿದ ಬೆಕ್ಕಿನ ಚಿತ್ರ ಪರದೆಯ ಮೇಲೆ ಮೊದಲಿನಂತೆಯೇ ಕುಳಿತಿತ್ತು. ಆ ಬೆಕ್ಕಿನ ಮುಖ ಅಷ್ಟು ಮುದ್ದಾಗಿದೆಯೆಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಏನೂ ಬದಲಾಗದೇ ಇರುವುದರಲ್ಲಿ ಇಷ್ಟು ಸುಖವಿದೆ ಎಂದೂ ಗೊತ್ತಿರಲಿಲ್ಲ.

ಹೆಂಡತಿ ದೀರ್ಘವಾಗಿ ಉಸಿರು ಬಿಟ್ಟು, ಪೆನ್‌ಡ್ರೈವು ಸಿಕ್ಕಿಸಿ ಚಾರ್ಟು ತೆರೆದು ನೋಡಿದಳು. "ನೀವು ಹಾಗೇ ಹಿಡ್ಕೊಂಡಿರಿ. ಕ್ಯಾಮೆರಾಗೆ ಕಾಣದ ಹಾಗೆ ತಲೆ ತಗ್ಗಿಸಿ" ಎಂದಳು. ನಾನು ಮೇಜಿನ ಮಟ್ಟಕ್ಕಿಂತ ಕೆಳಗೆ ಕುಗ್ಗಿ, ಕೈ ಮಾತ್ರ ಮೇಲಿಟ್ಟು ಕುಳಿತೆ.

ಸಂದರ್ಶನ ಶುರುವಾಯಿತು. ಆ ಕಡೆ ಒಬ್ಬ ಹೆಂಗಸು, ಒಬ್ಬ ಗಂಡಸು. ಹೆಂಡತಿಯ ಚಾರ್ಟು ನೋಡಿ ಇಬ್ಬರೂ ಮೆಚ್ಚಿದರು. ಇಷ್ಟು ವರ್ಷ ಮನೆಯಲ್ಲಿದ್ದಿರಲ್ಲ ಎಂಬ ಪ್ರಶ್ನೆ ಬರುವುದೆಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ. ಆ ಹೆಂಗಸು ಬೇರೆಯದನ್ನೇ ಕೇಳಿದಳು. ಉತ್ಸಾಹ ಜಾಸ್ತಿ, ಕೆಲಸ ಗೊತ್ತಿಲ್ಲ, ಮೆಷಿನ್ ಮುಟ್ಟಿದರೆ ಕೆಡಿಸುತ್ತಾನೆ, ಅಂಥವನೊಬ್ಬ ಕೈಕೆಳಗಿದ್ದರೆ ಏನು ಮಾಡುತ್ತೀರಿ?

"ಬೈಯಲ್ಲ ಮೇಡಂ. ಬೈದ್ರೆ ಇನ್ನೊಂದು ಮೆಷಿನ್ ಹತ್ರ ಹೋಗ್ತಾನೆ" ಎಂದಳು ನನ್ನ ಹೆಂಡತಿ, ಒಂದು ಕ್ಷಣವೂ ಯೋಚಿಸದೆ. "ಅಂಥವರಿಗೆ ಕೆಟ್ಟ ಮನಸ್ಸಿರಲ್ಲ. ಅವರ ಕೈಗೆ ಏನಾದ್ರೂ ಕೊಟ್ಟು, ಇದನ್ನ ಹಿಡ್ಕೊಳ್ಳಿ, ಎಲ್ಲಾ ಇದರ ಮೇಲೇ ನಿಂತಿದೆ ಅನ್ನಬೇಕು. ಆಗಾಗ ಹೋಗಿ ಚೆನ್ನಾಗಿ ಹಿಡಿದಿದ್ದೀರಿ ಅನ್ನಬೇಕು. ಅವರಿಗೂ ಸಮಾಧಾನ, ಮೆಷಿನ್ನಿಗೂ ಕ್ಷೇಮ."

ಆ ಕಡೆಯ ಇಬ್ಬರೂ ನಕ್ಕರು. ಎಂಥ ಉತ್ತರ ಎಂದು ಮೇಜಿನ ಕೆಳಗೆ ನಾನೂ ತಲೆದೂಗಿದೆ. ಹಳೇ ಲಾಂಡ್ರಿಯಲ್ಲಿ ಅಂಥ ಪೆದ್ದ ಒಬ್ಬನಿದ್ದನೆಂದು ಕಾಣುತ್ತದೆ, ಪಾಪ, ಗಂಟೆಗಟ್ಟಲೆ ಏನನ್ನು ಹಿಡಿದು ನಿಂತಿರುತ್ತಿದ್ದನೋ ಎಂದು ಅವನ ಬಗ್ಗೆ ಮರುಕವನ್ನೂ ಪಟ್ಟೆ. ಆ ಮರುಕದಲ್ಲೇ ಬೆರಳುಗಳು ಮರಗಟ್ಟಿ, ಕೈ ತನ್ನಷ್ಟಕ್ಕೆ ತಾನೇ ವೈರಿನಿಂದ ಜಾರಿತು.

ಕಣ್ಣು ಮುಚ್ಚಿಕೊಂಡೆ. ಹೆಂಡತಿಯ ಮಾತು ನಿಲ್ಲಲಿಲ್ಲ. ಮೆಲ್ಲಗೆ ಕಣ್ಣು ತೆರೆದೆ. ದೀಪ ಹೊತ್ತಿಕೊಂಡೇ ಇತ್ತು. ಬೆರಳ ತುದಿಯಿಂದ ವೈರನ್ನು ಅಲುಗಿಸಿದೆ. ದೀಪ ಅಲುಗಲಿಲ್ಲ.

ಕರೆ ಮುಗಿದ ಮೇಲೆ ಮೇಜಿನ ಕೆಳಗಿಂದ ಎದ್ದು ಬಂದೆ. "ಯಾವಾಗಿಂದ?" ಎಂದು ಕೇಳಿದೆ.

"ಗುರುವಾರದಿಂದ. ಹೊಸ ಚಾರ್ಜರ್ ತಂದಿದ್ದೀನಿ, ಇನ್ನು ರಟ್ಟು ಬೇಡ ಅಂತ ಹೇಳಿದೆ. ನೀವು ಹ್ಞೂಂ ಅಂದ್ರಿ."

ಪೆಚ್ಚಾಗಿ ನಿಂತೆ. ಸಿಟ್ಟು ಮಾಡೋಣವೆಂದರೆ ಅವಳ ಮುಖ ಅರಳಿಕೊಂಡಿತ್ತು. ಸೋಮವಾರದಿಂದಲೇ ಕೆಲಸಕ್ಕೆ ಬನ್ನಿ ಎಂದಿದ್ದರಂತೆ. ಕೈ ಜೋಮು ಹಿಡಿದಿದ್ದರೂ ನನಗೂ ನಗು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ನಿರಾಳವಾಯಿತು.

ಈಗ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಈವತ್ತು ನನಗೆ ರಜೆ, ಅವಳಿಗಿಲ್ಲ. ಅಡುಗೆಮನೆಯ ಸಿಂಕಿನ ಪೈಪು ಒಂದೆರಡು ದಿನದಿಂದ ತೊಟ್ಟಿಕ್ಕುತ್ತಿದೆ. ನಿನ್ನೆ ಸಂಜೆ ನಾನು ಸ್ಪ್ಯಾನರ್ ಹುಡುಕುತ್ತಿದ್ದುದನ್ನು ಅವಳು ನೋಡಿದ್ದಳು. ಬೆಳಿಗ್ಗೆ ಹೊರಡುವ ಮುಂಚೆ ಪೈಪಿಗೆ ಒಂದು ಬಟ್ಟೆ ಸುತ್ತಿ, ಪ್ಲಂಬರ್ ಬರುವವರೆಗೂ ಇದನ್ನು ಹಿಡಿದುಕೊಂಡಿರಿ, ಬಿಡಬೇಡಿ ಎಂದು ಹೇಳಿ ಹೋದಳು.

ಹಿಡಿದುಕೊಂಡಿದ್ದೇನೆ. ಇದನ್ನೆಲ್ಲ ಬರೆಯುತ್ತಿರುವುದು ಇನ್ನೊಂದು ಕೈಯಲ್ಲಿ. ಬಿಟ್ಟರೆ ಏನಾಗುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು: ಏನೂ ಆಗುವುದಿಲ್ಲ. ಆದರೂ ಪ್ಲಂಬರ್ ಬರಲಿ, ಆಮೇಲೆ ಬಿಡೋಣ.